ಅವ್ವನ ಸಮಾಧಿ ಮತ್ತು ನಾನು ಬರೆದ ಅರ್ಜಿ

ಯಲಹಂಕದಲ್ಲಿ ಸ್ವಂತ ಕಚೇರಿ ತೆರೆದು ಸಿವಿಲ್ ವಕೀಲಿಕೆ ಶುರುಮಾಡಿ ಆಗ ಹದಿನೆಂಟು ವರ್ಷವಾಗಿತ್ತು. ಪಾಲು ವಿಭಾಗದ ದಾವೆಗಳನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ ಎಂದುಕೊಂಡಿದ್ದ ದಿನಗಳಲ್ಲೇ ಚಿಕ್ಕತಾಯಮ್ಮ ಬಂದದ್ದು.

ಅರವತ್ತರ ಹತ್ತಿರದ ಹೆಂಗಸು. ಗಂಡ ತೀರಿಕೊಂಡ ಮೇಲೆ ಮತ್ತಿಕೆರೆಯ ಪಿ.ಜಿ.ಯೊಂದರಲ್ಲಿ ವಿದ್ಯಾರ್ಥಿಗಳಿಗೆ ಅಡುಗೆ ಮಾಡಿಕೊಂಡಿದ್ದರು. ತವರು ರಾಜಾನುಕುಂಟೆಯ ಆಚೆಗಿನ ಹಳ್ಳಿ. ಅಲ್ಲಿ ತಾತನ ಕಾಲದ ಎರಡು ಎಕರೆ ಜಮೀನು. ವಾರಸುದಾರರು ಇವರು ಮತ್ತು ಅಣ್ಣ ನಾರಾಯಣಪ್ಪ, ಇಬ್ಬರೇ. ಖಾತೆ ಬದಲಾವಣೆಗೆಂದು ಹೇಳಿ ಅಣ್ಣ ನೋಂದಣಿ ಕಚೇರಿಯಲ್ಲಿ ಇವರಿಂದ ಹೆಬ್ಬೆಟ್ಟು ಹಾಕಿಸಿಕೊಂಡಿದ್ದ. ಅದು ಹಕ್ಕು ಬಿಡುಗಡೆ ಪತ್ರ, ಅಂದರೆ ತನಗೆ ಪಾಲು ಬೇಡವೆಂದು ಬರೆದುಕೊಟ್ಟ ಪತ್ರ. ಜಮೀನನ್ನು ಲೇಔಟಿನವರಿಗೆ ಮಾರಲು ಅವನು ಕರಾರು ಮಾಡಿಕೊಂಡ ಮೇಲಷ್ಟೇ ಇವರಿಗೆ ಗೊತ್ತಾಯಿತು.

"ಸೈಟು ಗೀಟು ನಂಗ್ ಬ್ಯಾಡ ಸಾರ್. ನಮ್ಮವ್ವನ್ನ ಅಲ್ಲೇ ಮಣ್ಣು ಮಾಡಿರೋದು. ಆ ಜಾಗ ಒಂದು ಉಳಿಸ್ಕೊಡಿ" ಎಂದರು.

"ಅರ್ಧ ಪಾಲೇ ಬರುತ್ತೆ ಅಮ್ಮ, ಸುಮ್ನಿರಿ" ಎಂದೆ.

ದಾವೆ ಹೂಡಿದೆ. ಜಮೀನು ಮಾರದಂತೆ ತಾತ್ಕಾಲಿಕ ತಡೆಯಾಜ್ಞೆಯೂ ಸಿಕ್ಕಿತು. ಗೆದ್ದಷ್ಟೇ ಸಮಾಧಾನದಿಂದ ಇದ್ದೆ.

ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ಚಿಕ್ಕತಾಯಮ್ಮ ಫೋನ್ ಮಾಡಿದರು. "ಸಾರ್, ಜೆ.ಸಿ.ಬಿ. ಬಂದೈತೆ. ಕೋರ್ಟು ಬ್ಯಾಡ ಅಂದ್ಮೇಲೂ ಎಂಗ್ ಬಂದ್ರು?"

ನಾನು ಹೋಗುವಷ್ಟರಲ್ಲಿ ಸಮಾಧಿಯೂ ಸೇರಿ ನೆಲವೆಲ್ಲ ಸಮವಾಗಿತ್ತು. ನಾರಾಯಣಪ್ಪ ನನ್ನ ಮುಖವನ್ನೂ ನೋಡದೆ ಹೇಳಿದ: "ಮಾರ್ಬೇಡಿ ಅಂತ ಆರ್ಡರ್ ಐತೆ. ಮಾರಿಲ್ವಲ್ಲ? ಮಟ್ಟ ಮಾಡಿಸ್ತಾ ಇವ್ನಿ."

ಅವನ ಮಾತು ಸರಿಯಾಗಿತ್ತು. ಜಮೀನಿನ ಸ್ವರೂಪ ಬದಲಿಸಬಾರದು ಎಂಬ ಒಂದು ಸಾಲನ್ನು ನಾನು ಅರ್ಜಿಯಲ್ಲಿ ಕೇಳಿರಲೇ ಇಲ್ಲ. ಚಿಕ್ಕತಾಯಮ್ಮ ನನ್ನನ್ನು ಬೈಯಲಿಲ್ಲ. ಕೆಂಪು ಮಣ್ಣಿನ ಮೇಲೆ ಕುಸಿದು ಕುಳಿತರು. ಬೈದಿದ್ದರೆ ಚೆನ್ನಾಗಿತ್ತು.

ದಾವೆ ನಾಲ್ಕು ವರ್ಷ ನಡೆಯಿತು. ಪಾಟೀಸವಾಲಿನಲ್ಲಿ ಆ ಬಿಡುಗಡೆ ಪತ್ರ ಬರೆದವನನ್ನೇ ಕೇಳಿದೆ: "ಆಯಮ್ಮನಿಗೆ ಓದಿ ಹೇಳಿದ್ರಾ?"

"ಅಣ್ಣ ತಂಗಿ ತಾನೆ ಅಂತ... ಓದಿಲ್ಲ ಸಾರ್."

ಆ ಉತ್ತರಕ್ಕೆ ಪತ್ರ ಬಿದ್ದುಹೋಯಿತು. ಅರ್ಧ ಪಾಲಿಗೆ ಡಿಕ್ರಿಯಾಯಿತು.

ಅಳತೆಯ ದಿನ ಸರ್ವೆಯರ್ ಒಳ್ಳೆಯ ಮನಸ್ಸಿನಿಂದಲೇ ಕೇಳಿದರು: "ಸಮಾಧಿ ಎಲ್ಲಿತ್ತು ತೋರ್ಸಿ ಅಮ್ಮ, ಅದು ನಿಮ್ಮ ಭಾಗಕ್ಕೇ ಬರೋ ಹಂಗೆ ಅಳೀತೀನಿ."

ಚಿಕ್ಕತಾಯಮ್ಮ ಹತ್ತು ಹೆಜ್ಜೆ ನಡೆದರು, ನಿಂತರು, ಹಿಂದಕ್ಕೆ ಬಂದರು. ಗುರುತಿಗಿದ್ದ ಹೊಂಗೆ ಮರವೂ ಇರಲಿಲ್ಲ, ಬದುವೂ ಇರಲಿಲ್ಲ. ದೂರ ನಿಂತಿದ್ದ ನಾರಾಯಣಪ್ಪ ಕೊನೆಗೆ ಹತ್ತಿರ ಬಂದ. ನಾಲ್ಕು ವರ್ಷ ಮಾತು ಬಿಟ್ಟಿದ್ದ ಅಣ್ಣ ತಂಗಿ ಇಬ್ಬರೂ ತಲೆ ತಗ್ಗಿಸಿ ಆ ಬಯಲಿನಲ್ಲಿ ಹುಡುಕಿದರು.

"ಇಲ್ಲೇ ಎಲ್ಲೋ ಇರ್ಬೇಕು ಕಣಮ್ಮಿ" ಎಂದ ಅವನು.

"ಎಲ್ಲೋ ಅಂದ್ರೆ ಎಲ್ಲಣ್ಣ?"

ಅವನು ಕಾಲಿನಿಂದ ಮಣ್ಣು ಸರಿಸಿ ನೋಡಿದ. ಸರ್ವೆಯರ್ ಚೈನು ಹಿಡಿದು ಸ್ವಲ್ಪ ಹೊತ್ತು ಕಾದರು. ಆಮೇಲೆ ರಸ್ತೆಯ ಕಡೆಯಿಂದ ಅಳತೆ ಶುರುಮಾಡಿದರು.

ಈ ದಾವೆಯನ್ನು ನಾನು ಗೆದ್ದ ಲೆಕ್ಕದಲ್ಲಿ ಸೇರಿಸಿಲ್ಲ. ಪಾಲು ಕೇಳಿಕೊಂಡು ಬಂದವರಿಗೆ ಕಾನೂನು ಹೇಳುವ ಮೊದಲು, ಆ ನೆಲದಲ್ಲಿ ನಿಮಗೆ ಏನು ಉಳಿಯಬೇಕು ಎಂದು ಈಗ ಕೇಳುತ್ತೇನೆ. ಅವರು ಹೇಳಿದ್ದನ್ನು ಅವರೆದುರೇ ಅರ್ಜಿಯ ಮೊದಲ ಸಾಲಾಗಿ ಬರೆಯುತ್ತೇನೆ.