ಹೆಸರಿಲ್ಲದ ಆಪರೇಷನ್ನಿಗೆ ಎಂಟು ಜನರ ರಕ್ತ

ನನ್ನ ಎರಡು ಹೆಗಲ ಮೇಲೂ ಬೆರಳು ಹೂತುಹೋಗುವಷ್ಟು ಆಳದ ಒಂದೊಂದು ಗೆರೆ ಇದೆ. ಇಪ್ಪತ್ತು ವರ್ಷ ಎದೆಯ ಭಾರ ಹೊತ್ತ ಒಳಉಡುಪಿನ ಪಟ್ಟಿ ಕೊರೆದ ಗೆರೆ. ನೋಡಿ, ಎದೆ ಎಂದು ನಿಮ್ಮೆದುರು ಎಷ್ಟು ಸಲೀಸಾಗಿ ಬರೆದುಬಿಟ್ಟೆ! ಕೊಪ್ಪದ ನಮ್ಮ ಮನೆಯಲ್ಲಿ ಆ ಪದಕ್ಕೆ ಪ್ರವೇಶವಿಲ್ಲ. ಆ ಎದೆಯನ್ನು ಚಿಕ್ಕದು ಮಾಡಿಸಿಕೊಳ್ಳಲು ನಾನು ಹೊರಟಾಗ ನಮ್ಮತ್ತೆ ಊರಿಗೆಲ್ಲ ‘ಬೆನ್ನಿನ ಆಪರೇಷನ್’ ಎಂದು ಸಾರಿಬಿಟ್ಟರು. ಒಂದು ಹನಿ ರಕ್ತ ಚೆಲ್ಲದೆ ಅಂಗವನ್ನೇ ಹಿಂದುಮುಂದು ಮಾಡುವ ಇಂಥ ಕೈಚಳಕ ಯಾವ ಸರ್ಜನ್ನಿಗೂ ಇಲ್ಲ.

ಡಾಕ್ಟರು, ಪಾಪ, ಅಷ್ಟು ಪಳಗಿದವರಲ್ಲ. ಕೊಯ್ಯುವ ಮೊದಲೇ ರಕ್ತನಾಳಗಳು ಬಿಗಿಯಾಗುವ ಔಷಧಿ ಚುಚ್ಚುತ್ತೇನೆ, ಹೆಪ್ಪುಗಟ್ಟಿದ ರಕ್ತ ಕರಗದಂತೆ ಡ್ರಿಪ್ಪಿನಲ್ಲಿ ಇನ್ನೊಂದು ಕೊಡುತ್ತೇನೆ ಎಂದೆಲ್ಲ ವಿವರಿಸಿ, ದಿನವೂ ನುಂಗುವ ಮಾತ್ರೆ ಏನಾದರೂ ಇದೆಯೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಎಂತದೂ ಇಲ್ಲ ಎಂದರು. ಮನೆತನದ ಮರ್ಯಾದೆಯ ಪ್ರಕಾರ ಸೊಸೆಗೆ ಎದೆಯೂ ಇಲ್ಲ, ನೋವೂ ಇಲ್ಲ. ಅಡುಗೆಮನೆಯಲ್ಲಿ ಜೀರಿಗೆ ಡಬ್ಬದ ಪಕ್ಕ ನೋವಿನ ಮಾತ್ರೆಯ ಡಬ್ಬವೊಂದಿದೆ. ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಂಡಷ್ಟೇ ಸಹಜವಾಗಿ ಅತ್ತೆಯೂ ನಾನೂ ಅದಕ್ಕೆ ಕೈ ಹಾಕುತ್ತೇವೆ. ಅದನ್ನು ಮುಚ್ಚಿಟ್ಟರೆ ಕೊಯ್ಯುವಾಗ ಏನಾದೀತೋ ಎಂದು ನನಗೆ ಹೆದರಿಕೆಯಾಯಿತು.

“ದಿನಾ ಎರಡು ನೋವಿನ ಮಾತ್ರೆ ನುಂಗ್ತೀನಿ ಡಾಕ್ಟ್ರೇ, ಎದೆ ಭಾರ ತಡ್ಕೊಳ್ಳಿಕ್ಕೆ ಆಗ್ದೆ,” ಎಂದೆ.

ಆ ಮಾತ್ರೆಯಿಂದ ರಕ್ತ ಬೇಗ ನಿಲ್ಲುವುದಿಲ್ಲವೆಂದು ಡಾಕ್ಟರು ಅದನ್ನು ಬಿಡಿಸಿ, ಆಪರೇಷನ್ನನ್ನು ಎರಡು ವಾರ ಮುಂದೆ ಹಾಕಿದರು. ಬಸ್ಸಿನಲ್ಲಿ ಕೊಪ್ಪ ಮುಟ್ಟುವವರೆಗೂ ಅತ್ತೆ ಕಿಟಕಿಯ ಕಡೆ ತಿರುಗಿಯೇ ಕೂತಿದ್ದರು.

ಆ ಎರಡು ವಾರದಲ್ಲಿ ಸುದ್ದಿ ಬಸರೀಕಟ್ಟೆ ಮುಟ್ಟಿತು. ಅಲ್ಲಿಂದ ಯಜಮಾನರ ಕಡೆಯ ಎಂಟು ಜನ, ನನ್ನ ಬೆನ್ನಿಗೆ ರಕ್ತ ಕೊಡಲೆಂದು ಜೀಪು ಮಾಡಿಕೊಂಡು ಆಸ್ಪತ್ರೆಗೆ ಬಂದು, ಅಂಗಿಯ ತೋಳು ಮಡಚಿ ಸಾಲಾಗಿ ಕೂತರು. ಅವರದು ದೊಡ್ಡ ಮನಸ್ಸೇ, ಇಲ್ಲವೆನ್ನಲಾರೆ. ಆದರೆ ರಕ್ತ ಎಲ್ಲಿಗೆ ಎಂದು ಯಾರಾದರೂ ಬಾಯಿಬಿಟ್ಟು ಹೇಳಿದ್ದರೆ ಎಷ್ಟು ತೋಳು ಕೆಳಗಿಳಿಯುತ್ತಿದ್ದವೋ! ಡಾಕ್ಟರ ಮುನ್ನೆಚ್ಚರಿಕೆಯಿಂದ ರಕ್ತ ಹೋದದ್ದೇ ಕಡಿಮೆ, ಯಾರದೂ ಬೇಕಾಗಲಿಲ್ಲ. ಮದುವೆಗೆ ಬಂದು ಊಟ ಸಿಗದವರ ಮುಖ ಮಾಡಿಕೊಂಡು ಎಂಟು ಜನವೂ ಜೀಪು ಹತ್ತಿದರಂತೆ.

ಈಗ ಹೆಗಲ ಗೆರೆಯಲ್ಲಿ ಭಾರವಿಲ್ಲ, ಗೆರೆ ಮಾತ್ರ ಉಳಿದಿದೆ. ಮೊನ್ನೆ ನಾನು ಅದಕ್ಕೆ ಎಣ್ಣೆ ಹಚ್ಚುತ್ತಿದ್ದಾಗ ಅತ್ತೆ ಬಂದು ಬಾಗಿಲು ಹಾಕಿದರು. ತಮ್ಮ ಸೆರಗು ಸರಿಸಿ, ರವಿಕೆಯನ್ನು ಹೆಗಲಿನಿಂದ ಕೊಂಚ ಜಾರಿಸಿದರು. ಅವರ ಗೆರೆ ನನ್ನದಕ್ಕಿಂತ ಆಳವಾಗಿತ್ತು. ಮಾತ್ರೆಯ ಡಬ್ಬವನ್ನು ನನ್ನ ಕೈಗಿಟ್ಟು ಮೆಲ್ಲಗೆ ಕೇಳಿದರು:

“ಇದನ್ನ ಎಷ್ಟು ದಿನ ಮುಂಚೆ ಬಿಡ್ಬೇಕು ಅಂದಿದ್ರು ಮಾರಾಯ್ತಿ?”

‘ಬೆನ್ನಿಗಾ, ಅತ್ತೆ?’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಹೆಗಲು ನೋಡಿ ನುಂಗಿಕೊಂಡೆ.