ಅಂಬುಜಮ್ಮ ಕಲಿತ ಸ್ಪ್ಯಾನಿಷ್

ಬಸವನಗುಡಿಯ ಅಡ್ಡರಸ್ತೆಯೊಂದರಲ್ಲಿ ಅಂಬುಜಮ್ಮನ ಮನೆ, ಅದರ ಎದುರಿಗೇ ನಮ್ಮದು. ಅವರು ಮಿಡ್ಲ್‌ಸ್ಕೂಲಿನಲ್ಲಿ ಕನ್ನಡ ಟೀಚರಾಗಿದ್ದು ನಿವೃತ್ತರಾದವರು. ಮದುವೆಯಾಗಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ಅಣ್ಣ ಶೀನಣ್ಣ ಕೆಳಗಿನ ಮನೆಯಲ್ಲಿ ಅವರ ಜೊತೆಗಿದ್ದಾರೆ. ತಾರಸಿಯ ಮೇಲಿನ ಕೋಣೆ ಬಾಡಿಗೆಗೆ.

ಆ ಕೋಣೆಗೆ ಮತೇವೊ ಬಂದ. ಪೆರು ದೇಶದವನು. ಪಕ್ಕದ ಬೀದಿಯ ವಿದ್ವಾಂಸರ ಹತ್ತಿರ ಮೃದಂಗ ಕಲಿಯಲು ಅಷ್ಟು ದೂರದಿಂದ ಬಂದಿದ್ದ.

"ಮೊಟ್ಟೆ ಬೇಯಿಸ್ತಾನೆ ಕಣೇ, ವಾಸನೆ ಕೆಳಗಡೆಗೂ ಬರತ್ತೆ," ಎಂದು ಶೀನಣ್ಣ ಗೊಣಗಿದರು.

"ಕಿಟಕಿ ಹಾಕ್ಕೋ ಶೀನಣ್ಣ," ಎಂದರು ಅಂಬುಜಮ್ಮ.

ಹುಡುಗ ಕನ್ನಡ ಹೇಳಿಕೊಡಿ ಎಂದು ಕೇಳಿಕೊಂಡು ಅಡುಗೆಮನೆಗೆ ಬರತೊಡಗಿದ. ಅವರನ್ನು ಮಿಸ್ ಎಂದು ಕರೆಯುತ್ತಿದ್ದ. ಒಂದೆರಡು ವರ್ಷದಲ್ಲಿ ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು ಕಲಿತ. ಆಮೇಲೆ ಒಂದು ದಿನ, ಇಬ್ಬರೂ ಕೂತು ಅವರೆಕಾಳು ಹಿಸುಕುತ್ತಿದ್ದಾಗ, "ಈಗ ನಾನು ನಿಮಗೆ ನಮ್ಮ ಭಾಷೆ ಹೇಳ್ಕೊಡ್ತೀನಿ ಮಿಸ್," ಎಂದ.

"ಈ ವಯಸ್ಸಲ್ಲಿ ನಂಗ್ಯಾಕೋ?"

"ಸುಲಭ ಮಿಸ್. ಆಬ್ಲಾರ್ ಅಂದ್ರೆ ಮಾತಾಡೋದು. ಕೊನೇಲಿರೋ 'ಆರ್' ತೆಗೀರಿ. ಆಬ್ಲೊ, ನಾನು. ಆಬ್ಲಾಸ್, ನೀನು. ಆಬ್ಲಾ, ಅವನು."

"ಅವಳು ಅನ್ನಕ್ಕೆ?"

"ಅದೂ ಆಬ್ಲಾ."

"ಇಬ್ರಿಗೂ ಒಂದೇನಾ! ಸರಿ, ಆಬ್ಲೊ ಅಂದ್ರೇ 'ನಾನು' ಅಂತ ಗೊತ್ತಾಗತ್ತಲ್ಲ, ಮತ್ತೆ 'ನಾನು' ಅಂತ ಬೇರೆ ಹೇಳ್ಬೇಕಾ?"

"ಬೇಡ ಮಿಸ್. ಕನ್ನಡದ ಥರಾನೇ."

ಅಂಬುಜಮ್ಮನಿಗೆ ಅದು ಹಿಡಿಸಿಬಿಟ್ಟಿತು. ಆಯುಷ್ಯವೆಲ್ಲ ಮಕ್ಕಳಿಗೆ ಧಾತು, ಪ್ರತ್ಯಯ ಎಂದು ಪಾಠ ಮಾಡಿದವರು. 'ಆರ್' ಮುಗಿಯಿತು, 'ಎರ್' ಬಂತು: ಕೊಮೆರ್, ತಿನ್ನುವುದು. ಕೋಮೊ, ಕೋಮೆಸ್, ಕೋಮೆ. ಆಮೇಲೆ 'ಇರ್': ಬಿಬಿರ್, ಬಾಳುವುದು. ಬೀಬೊ, ಬೀಬೆಸ್, ಬೀಬೆ. ಒಂದು ಕ್ರಿಯಾಪದ ಬಂದರೆ ಅದೇ ಅಚ್ಚಿನ ನೂರು ಬಂದ ಹಾಗೆ. ರಂಗೋಲಿ ಹಾಕುತ್ತಾ ಅವರು ಮಗ್ಗಿಯಂತೆ ಹೇಳಿಕೊಳ್ಳುವುದು ನಮ್ಮ ಮನೆಗೂ ಕೇಳುತ್ತಿತ್ತು. ಅವರು ಅಷ್ಟು ನಗುನಗುತ್ತಾ ಇದ್ದುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ವರ್ತಮಾನ ಕಾಲ ಮುಗಿಯುತ್ತಾ ಬಂದಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು, ಹುಡುಗನಿಗೆ ಜ್ವರ ಬಂತು.

ಡೆಂಗ್ಯೂ. ಗಂಜಿ ಕೊಟ್ಟರು, ತಿಳಿಸಾರು ಕೊಟ್ಟರು, ಜ್ವರ ಇಳಿಯಲಿಲ್ಲ. ಶೀನಣ್ಣನೇ ಆಟೋ ತಂದು ಆಸ್ಪತ್ರೆಗೆ ಸೇರಿಸಿದರು. ಐಸಿಯು ಹೊರಗೆ ಕೂತಿದ್ದ ಅಂಬುಜಮ್ಮನನ್ನು ನರ್ಸ್ ಕೇಳಿದಳು: "ಪೇಷೆಂಟ್‌ಗೆ ನೀವು ಏನಾಗ್ಬೇಕು?"

"ಮನೆ ಓನರ್," ಎಂದರು ಅಂಬುಜಮ್ಮ. ಒಳಗೆ ಬಿಡಲಿಲ್ಲ. ಮತೇವೊ ಮರುದಿನ ಬೆಳಿಗ್ಗೆ ತೀರಿಕೊಂಡ.

ಅವನ ತಾಯಿ ಎಲೇನಾ ಬರುವ ತನಕ ದೇಹವನ್ನು ಶವಾಗಾರದಲ್ಲಿ ಇಟ್ಟಿದ್ದರು. ಸಣ್ಣಗೆ, ಕುಳ್ಳಗೆ ಇದ್ದ ಹೆಂಗಸು. ಇಂಗ್ಲಿಷೂ ಬಾರದು. ಸ್ಪ್ಯಾನಿಷ್ ಬಲ್ಲ ತನ್ಮಯಿ ಎಂಬ ಹುಡುಗಿಯೊಬ್ಬಳು ಜೊತೆಗಿದ್ದು ಆಸ್ಪತ್ರೆ, ಪೊಲೀಸ್ ಠಾಣೆ, ಚಾಮರಾಜಪೇಟೆಯ ಚಿತಾಗಾರ ಎಲ್ಲ ಕಡೆ ಮಾತು ಮುಟ್ಟಿಸಿದಳು. ದೇಹವನ್ನು ಅಷ್ಟು ದೂರ ಒಯ್ಯಲಾರೆ, ಬೂದಿಯನ್ನು ತೆಗೆದುಕೊಂಡು ಹೋಗುತ್ತೇನೆ ಎಂದಿದ್ದರು ತಾಯಿ. ಎಲ್ಲ ಮುಗಿದ ಸಂಜೆ ತನ್ಮಯಿ ಮನೆಗೆ ಹೋದಳು. ಎಲೇನಾ ಮಗನ ಕೋಣೆಯಲ್ಲಿ ಒಬ್ಬರೇ ಉಳಿದರು.

ಅಂಬುಜಮ್ಮ ಕಾಫಿ ತೆಗೆದುಕೊಂಡು ಮೇಲೆ ಹೋದರು. ಎಲೇನಾ ಮಂಚದ ಮೇಲೆ ಪಕ್ಕದ ಜಾಗವನ್ನು ತಟ್ಟಿ, ಕೂತುಕೋ ಎಂಬಂತೆ ನೋಡಿದರು. ಸುಮ್ಮನೆ ಕೂರುವುದು ಹೇಗೆ? ಅಂಬುಜಮ್ಮ ಮೃದಂಗದ ಕಡೆ ಕೈ ತೋರಿಸಿ, "ಮತೇವೊ ತೋಕಾ," ಎಂದರು. ಮತೇವೊ ನುಡಿಸುತ್ತಾನೆ.

ಎಲೇನಾ ಬೆಚ್ಚಿ ತಿರುಗಿದರು. ತಮ್ಮ ಭಾಷೆ ಈ ಮುದುಕಿಯ ಬಾಯಲ್ಲಿ ಬಂದೀತೆಂದು ಅವರು ಎಣಿಸಿರಲಿಲ್ಲ.

"ಮತೇವೊ ಬೇಬೆ ಕಫೆ." ಕಾಫಿ ಕುಡಿಯುತ್ತಾನೆ. "ಮತೇವೊ ಸೂಬೆ," ಮೆಟ್ಟಿಲು ತೋರಿಸಿದರು, ಹತ್ತಿ ಬರುತ್ತಾನೆ. "ಮತೇವೊ ಕೋಮೆ..." ತಿನ್ನುತ್ತಾನೆ. ಏನನ್ನು ಎನ್ನಲು ಪದ ಸಿಗದೆ, "ಹುಳಿ," ಎಂದರು.

"ಉಲಿ," ಎಂದರು ತಾಯಿ. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಇನ್ನೂ ಹೇಳು ಎಂದು ಕೈ ಹಿಡಿದುಕೊಂಡರು.

"ಮತೇವೊ ಬೀಬೆ ಅಕೀ," ಎಂದರು ಅಂಬುಜಮ್ಮ. ಮತೇವೊ ಇಲ್ಲಿ ಬಾಳುತ್ತಾನೆ.

ಎಲೇನಾ ಮೆಲ್ಲಗೆ ತಲೆಯಾಡಿಸಿದರು. "ಬಿಬಿಯೊ," ಎಂದರು. "ಬಿಬಿಯೊ ಅಕೀ."

ಕೊನೆಯ ಪ್ರತ್ಯಯ ಬದಲಾಗಿತ್ತು. ಅದು ಯಾವ ಕಾಲ ಎಂದು ಕನ್ನಡ ಟೀಚರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನಂಗೆ ಬರ್ತಿದ್ದಿದ್ದು ವರ್ತಮಾನ ಕಾಲ ಅಷ್ಟೇ ಕಣ್ರೀ," ಎಂದು ಎಷ್ಟೋ ದಿನದ ಮೇಲೆ, ಗಾಂಧಿ ಬಜಾರಿನಲ್ಲಿ ಸೊಪ್ಪು ಆರಿಸುತ್ತಾ ಅವರು ನನಗೆ ಹೇಳಿದರು. "ಮಗ ಹೋದೋಳ ಮುಂದೆ ಕೂತ್ಕೊಂಡು ತಿಂತಾನೆ, ಕುಡೀತಾನೆ ಅಂದ್ನಲ್ಲ. ಆ ತಾಯಿಗೆ ಹೇಗಾಗಿರ್ಬೇಡ?"

"ಅವ್ರು ಬೇಜಾರು ಮಾಡ್ಕೊಂಡ್ರಾ?"

"ಇಲ್ಲ. ನನ್ನ ತಬ್ಕೊಂಡು ಅತ್ರು. ನಾನೂ ಅತ್ತೆ."

ಆ ಸಂಜೆ ಕಳೆದ ಮೇಲೆ ಎಲೇನಾ ಬೂದಿಯ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ವಿಮಾನ ನಿಲ್ದಾಣಕ್ಕೆ ಹೊರಟರು. ಮೃದಂಗವನ್ನು ಗುರುಗಳಿಗೇ ಬಿಟ್ಟರು. ಆರಂಭದಲ್ಲಿ ಭಾನುವಾರ ಭಾನುವಾರ ವಿಡಿಯೋ ಕಾಲ್ ಬರುತ್ತಿತ್ತು. ಗೊತ್ತಿದ್ದ ಮಾತು ಬೇಗ ಮುಗಿದು, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಕೂರುತ್ತಿದ್ದರು. ಬರಬರುತ್ತಾ ಅದೂ ನಿಂತಿತು.

ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಹೋಗಿ ಮಾತಾಡಿಸಿಕೊಂಡು ಬರುವವರು ನಾವು. ಅಂಬುಜಮ್ಮನನ್ನು ಮಾತಾಡಿಸಲು ಯಾರೂ ಹೋಗಲಿಲ್ಲ, ಹೋಗಬೇಕೆಂದು ಯಾರಿಗೂ ಹೊಳೆಯಲಿಲ್ಲ.

"ಬಾಡಿಗೆ ಹುಡುಗ ಕಣೇ ಅವ್ನು," ಎಂದರಂತೆ ಶೀನಣ್ಣ. "ಎಷ್ಟು ದಿನ ಅಂತ ಹೀಗಿರ್ತೀಯ?"

"ನಂಗೊತ್ತಿಲ್ಲ ಶೀನಣ್ಣ."

ಈಗ ಮೇಲಿನ ಕೋಣೆಗೆ ಹೊಸಬರು ಬಂದಿದ್ದಾರೆ. ಗಂಡ ಹೆಂಡತಿ ಇಬ್ಬರೂ ಒಳ್ಳೆಯವರು, ಕಂಡಾಗಲೆಲ್ಲ ನಮಸ್ಕಾರ ಎನ್ನುತ್ತಾರೆ. ಅಂಬುಜಮ್ಮ ತಲೆಯಾಡಿಸಿ ಒಳಗೆ ಹೋಗುತ್ತಾರೆ. ಅವರ ಹೆಸರೇನೆಂದು ಇನ್ನೂ ಕೇಳಿಲ್ಲ.