ಸೌತೆಕಾಯಿ ಸಾಂಬಾರು ಮತ್ತು ಸಾಂಸ್ಥಿಕ ವರ್ತನೆ

ನಾನು ಎಂಬಿಎಗೆ ಸೇರಿದ್ದು ಮೂವತ್ತೊಂಬತ್ತನೇ ವಯಸ್ಸಿನಲ್ಲಿ. ಪುತ್ತೂರಿನ ಒಂದು ಕಚೇರಿಯಲ್ಲಿ ಹದಿನಾರು ವರ್ಷ ಗುಮಾಸ್ತೆಯಾಗಿ ಕೂತ ಮೇಲೆ, ಮ್ಯಾನೇಜರ್ ಆಗಬೇಕಾದರೆ ಆ ಪದವಿ ಬೇಕು ಎಂದು ಯಾರೋ ಹೇಳಿದರು. ಶನಿವಾರ, ಭಾನುವಾರ ತರಗತಿ. ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಇಡೀ ತರಗತಿ ಎದ್ದು ನಿಂತು ಗುಡ್ ಮಾರ್ನಿಂಗ್ ಹೇಳಿತು. ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕೂತದ್ದನ್ನು ನೋಡಿದ ಮೇಲೆಯೇ ಅವರೆಲ್ಲ ಕೂತದ್ದು.

ಆ ಬೆಂಚಿನಲ್ಲಿ ನನ್ನ ಪಕ್ಕ ಇದ್ದವಳು ಸುಳ್ಯದ ಹತ್ತಿರದ ಆಲೆಟ್ಟಿಯ ಹುಡುಗಿ. ಇಪ್ಪತ್ತೆರಡು ವರ್ಷ. ಮನೆಗೆ ಫೋನ್ ಮಾಡಿದರೆ ಅವರ ಕಡೆಯ ಅರೆಭಾಷೆ, ನನ್ನ ಜೊತೆ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್, ಸಿಟ್ಟು ಬಂದರೆ ತುಳು. ಒಂದು ವಾರದಲ್ಲಿ ನಾನು ಅವಳಿಗೆ ಅಕ್ಕ ಆದೆ. ಎರಡನೇ ವಾರದಲ್ಲಿ ಅವಳು ನನಗೆ ಟ್ಯೂಷನ್ ಮೇಷ್ಟ್ರು ಆದಳು.

ಎಲ್ಲ ವಿಷಯಗಳಲ್ಲಿ ನನಗೆ ಇಷ್ಟವಾದದ್ದು ಆರ್ಗನೈಸೇಶನಲ್ ಬಿಹೇವಿಯರ್. ಜನರು ಒಟ್ಟಿಗೆ ಕೆಲಸ ಮಾಡುವಾಗ ಹೇಗೆ ವರ್ತಿಸುತ್ತಾರೆ, ಯಾಕೆ ಹಾಗೆ ವರ್ತಿಸುತ್ತಾರೆ ಎಂಬ ಪಾಠ. ಹದಿನಾರು ವರ್ಷ ನಾನು ಕಚೇರಿಯಲ್ಲಿ ಮನಸ್ಸಿನಲ್ಲೇ ಬೈದುಕೊಂಡದ್ದಕ್ಕೆಲ್ಲ ಅದರಲ್ಲಿ ಒಂದೊಂದು ಇಂಗ್ಲಿಷ್ ಹೆಸರು ಇತ್ತು. ಪಾಠ ಮಾಡುವ ಸರ್ ನನಗಿಂತ ಐದಾರು ವರ್ಷ ಚಿಕ್ಕವರು, ತೆಳ್ಳಗೆ, ಬಹಳ ಶಿಸ್ತು. ನನ್ನನ್ನು ಏಕವಚನದಲ್ಲಿ ಕರೆಯಲಾರದೆ, ಬಹುವಚನದಲ್ಲಿ ಗದರಿಸಲೂ ಆಗದೆ ಒದ್ದಾಡುತ್ತಿದ್ದರು.

ಅವರು ನಮಗೊಂದು ಕೆಲಸ ಕೊಟ್ಟರು. ಇಬ್ಬಿಬ್ಬರಾಗಿ ಒಂದು ಸಂಸ್ಥೆಗೆ ಹೋಗಬೇಕು, ಅಲ್ಲಿಯ ನಾಯಕತ್ವವನ್ನು ಗಮನಿಸಬೇಕು, ಪ್ರಶ್ನಾವಳಿ ತುಂಬಿಸಬೇಕು, ವರದಿ ಬರೆಯಬೇಕು. ಒಂದೇ ಷರತ್ತು: ಅಲ್ಲಿಯ ಕೆಲಸದ ಮೇಲೆ ನಮ್ಮ ಪ್ರಭಾವ ಕಿಂಚಿತ್ತೂ ಬೀಳಬಾರದು. ನೀವು ಬಂದಿದ್ದೀರಿ ಎಂಬುದೇ ಅವರಿಗೆ ಮರೆತುಹೋಗಬೇಕು ಎಂದು ಅವರು ಮೂರು ಸಲ ಹೇಳಿದರು.

ನಾವು ಕೇಳಿದ ಮೂರು ಕಡೆಯೂ ಒಳಗೆ ಬಿಡಲಿಲ್ಲ. ಒಂದು ಕಡೆ ಪತ್ರ ತನ್ನಿ ಎಂದರು, ಪತ್ರ ತೆಗೆದುಕೊಂಡು ಹೋದಾಗ ಸೀಲು ಇಲ್ಲ ಎಂದರು. ಕೊನೆಗೆ ನನಗೆ ಪುತ್ತೂರಿನ ದರ್ಬೆಯಲ್ಲಿ ನಮ್ಮ ಮನೆಯ ಹಿಂದಿನ ಮನೆಯಲ್ಲಿರುವ ಅಡುಗೆ ಭಟ್ಟರ ನೆನಪಾಯಿತು. ಮದುವೆ, ಉಪನಯನಗಳಿಗೆ ಏಳು ಜನರ ತಂಡ ಕಟ್ಟಿಕೊಂಡು ಹೋಗಿ ಸಾವಿರ ಜನರಿಗೆ ಬಡಿಸಿ ಬರುವವರು. ನಾನು ಹೋಗಿ, ನಿಮ್ಮದೊಂದು ಸಂಸ್ಥೆ, ಅದನ್ನು ನಾವು ಅಧ್ಯಯನ ಮಾಡಬೇಕು ಎಂದೆ. ಅವರು ಅಂಗಳದಲ್ಲಿ ಸೌಟುಗಳನ್ನು ಎಣಿಸುತ್ತಾ ಕೂತಿದ್ದರು. ಸಂಸ್ಥೆ ಅಂದರೆ ಎಂತದು ಎಂದು ಕೇಳಿದರು. ನಾನು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಬರುವ ಭಾನುವಾರ ಸುಳ್ಯದಲ್ಲಿ ಮದುವೆ ಉಂಟು, ಒಲೆಗೆ ಅಡ್ಡ ನಿಲ್ಲದಿದ್ದರೆ ಸಾಕು ಎಂದರು.

ಆ ಭಾನುವಾರ ತರಗತಿಗೆ ರಜೆ ಇತ್ತು. ದರ್ಬೆಯಿಂದ ಮೊದಲ ಬಸ್ಸು ಹಿಡಿದು ಏಳು ಗಂಟೆಗೆ ಸುಳ್ಯದ ಕಲ್ಯಾಣ ಮಂಟಪ ಮುಟ್ಟಿದೆ. ಹುಡುಗಿ ಆಲೆಟ್ಟಿಯಿಂದ ಸ್ಕೂಟರಿನಲ್ಲಿ ಬಂದು ಕಾಯುತ್ತಿದ್ದಳು. ಇಬ್ಬರ ಕುತ್ತಿಗೆಯಲ್ಲೂ ಕಾಲೇಜಿನ ಗುರುತಿನ ಚೀಟಿ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಕಾಗದ, ಪೆನ್ನು. ಬಂದದ್ದೇ ಗೊತ್ತಾಗದ ಹಾಗೆ ಇರಬೇಕೆಂದು ನಾನು ಬೂದು ಬಣ್ಣದ ಸೀರೆ ಉಟ್ಟಿದ್ದೆ.

ಅಡುಗೆ ಕೋಣೆಗೆ ಹೊಕ್ಕ ಕೂಡಲೇ ಮಾತು ನಿಂತಿತು. ಲುಂಗಿ ಎತ್ತಿ ಕಟ್ಟಿದ್ದವರು ಇಳಿಸಿದರು. ಒಬ್ಬ ತಲೆಗೆ ಟವೆಲ್ ಸುತ್ತಿಕೊಂಡ. ತೆಂಗಿನಕಾಯಿ ತುರಿಯುತ್ತಿದ್ದವನು ಪಕ್ಕದವನಿಗೆ, ದಯವಿಟ್ಟು ಆ ಪಾತ್ರೆಯನ್ನು ಇತ್ತ ನೀಡುವಿರಾ ಎಂದು ಪಠ್ಯಪುಸ್ತಕದ ಕನ್ನಡದಲ್ಲಿ ಕೇಳಿದ. ಪಕ್ಕದವನು ಅವನ ಸ್ವಂತ ತಮ್ಮ. ಹುಡುಗಿ ಸಂತೋಷದಿಂದ ‘ಪರಸ್ಪರ ಗೌರವ: ಅತ್ಯುತ್ತಮ’ ಎಂದು ಬರೆದುಕೊಂಡಳು.

ನಮ್ಮ ಪುಸ್ತಕದಲ್ಲಿ ಒಂದು ಮಾತಿತ್ತು: ಯಾರಾದರೂ ಗಮನಿಸುತ್ತಿದ್ದರೆ ಜನ ಹೆಚ್ಚು ಕೆಲಸ ಮಾಡುತ್ತಾರೆ. ಇಲ್ಲಿ ಆದದ್ದು ಬೇರೆ. ಸಾಂಬಾರಿಗೆ ಸೌತೆಕಾಯಿ ಹೆಚ್ಚುವ ಮನುಷ್ಯ ಪ್ರತಿಯೊಂದು ಹೋಳನ್ನೂ ಎತ್ತಿ, ಹಿಂದಿನ ಹೋಳಿನ ಪಕ್ಕ ಇಟ್ಟು ಅಳತೆ ನೋಡುತ್ತಿದ್ದ. ದೊಡ್ಡದಾದರೆ ಮತ್ತೆ ಕೆತ್ತುತ್ತಿದ್ದ. ಅರ್ಧ ಗಂಟೆಯಲ್ಲಿ ಎರಡು ಸೌತೆಕಾಯಿ ಮುಗಿದವು. ಬುಟ್ಟಿಯಲ್ಲಿ ಇನ್ನೂ ಐವತ್ತು ಇದ್ದವು. ನಾನು ಹತ್ತಿರ ಹೋದಷ್ಟೂ ಅವನ ಕೈ ನಿಧಾನವಾಗುತ್ತಿತ್ತು. ಅವನಿಗೆ ಸಮಾಧಾನವಾಗಲಿ ಎಂದು ನಾನು ನಕ್ಕೆ. ಅವನು ಕತ್ತಿ ಕೆಳಗಿಟ್ಟು ಎದ್ದು ನಿಂತ.

ಅಷ್ಟರಲ್ಲಿ ಮದುಮಗಳ ಸೋದರಮಾವ ನಮ್ಮಿಬ್ಬರಿಗೂ ಬಾದಾಮಿ ಹಾಲು ಹಿಡಿದುಕೊಂಡು ಬಂದರು. ನೀರು ಬಾವಿಯದ್ದು, ಕಾಯಿಸಿ ಆರಿಸಿದ್ದು, ಎಣ್ಣೆ ಹೊಸ ಡಬ್ಬಿಯದ್ದು ಎಂದು ನಾವು ಕೇಳದೆಯೇ ಹೇಳಿದರು. ಮೇಡಂ ಎಂಬ ಮಾತು ಒಂದೇ ಉಸಿರಿನಲ್ಲಿ ನಾಲ್ಕು ಸಲ ಬಂತು. ಅವರು ಆ ಕಡೆ ಹೋದ ಮೇಲೆ ಹುಡುಗಿ ನನ್ನ ಕಿವಿಯ ಹತ್ತಿರ ಬಂದಳು.

“ಅಕ್ಕ, ಇವರು ನಮ್ಮನ್ನು ಆಹಾರ ಇಲಾಖೆಯವರು ಅಂತ ಗ್ರಹಿಸಿದ್ದಾರೆ.”

ಹೌದು. ಇಬ್ಬರು ಮೇಡಂ ಬರೆದುಕೊಳ್ಳಲಿಕ್ಕೆ ಬರ್ತಾರೆ, ಸ್ವಲ್ಪ ಸರಿ ಇರಿ ಎಂದು ಭಟ್ಟರು ಹಿಂದಿನ ದಿನ ತಂಡಕ್ಕೆ ಹೇಳಿದ್ದರು. ಅಷ್ಟೇ ಹೇಳಿದ್ದು. ಉಳಿದದ್ದನ್ನು ತಂಡ ಕಲ್ಪಿಸಿಕೊಂಡಿತ್ತು. ನಾವು ಎಲ್ಲರಿಗೂ ಹೋಗಿ ನಾವು ಅಧಿಕಾರಿಗಳಲ್ಲ, ವಿದ್ಯಾರ್ಥಿಗಳು ಎಂದು ಹೇಳಿದೆವು. ನನ್ನ ನರೆತ ತಲೆಯನ್ನು ನೋಡಿ ಯಾರೂ ನಂಬಲಿಲ್ಲ. ಗುಟ್ಟಾಗಿ ತಪಾಸಣೆಗೆ ಬಂದದ್ದು ಎಂಬ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು.

ಇನ್ನು ಬೇಗ ಪ್ರಶ್ನಾವಳಿ ಮುಗಿಸಿ ಹೊರಟುಬಿಡುವುದು ಒಳ್ಳೆಯದೆಂದು ನಾನು ಭಟ್ಟರ ಹತ್ತಿರ ಹೋದೆ. ಅವರು ಆಳೆತ್ತರದ ಕೊಪ್ಪರಿಗೆಯ ಮುಂದೆ ಸ್ಟೂಲಿನ ಮೇಲೆ ನಿಂತು ನಾವು ಬರುವ ಮೊದಲೇ ಹೆಚ್ಚಿಟ್ಟ ಹೋಳುಗಳು ಬೇಯುತ್ತಿದ್ದ ಸಾಂಬಾರಿಗೆ ಉಪ್ಪು ಹಾಕುತ್ತಿದ್ದರು. ಉಪ್ಪಿನ ಅಳತೆ ತೆಂಗಿನ ಗೆರಟೆಯಲ್ಲಿ. ಆ ಹೊತ್ತಿಗೆ ಮಾತನಾಡಿಸಬಾರದೆಂಬ ಬುದ್ಧಿ ನನಗೆ ಬರಲಿಲ್ಲ.

ನಿರ್ಧಾರ ಮಾಡುವಾಗ ಸಹಾಯಕರ ಅಭಿಪ್ರಾಯ ಕೇಳುತ್ತೀರಾ, ಒಂದರಿಂದ ಐದರ ಒಳಗೆ ಹೇಳಿ ಎಂದೆ.

ಅವರು “ನಾಲ್ಕು” ಎಂದರು. ನಾನು ನಾಲ್ಕು ಎಂದು ಬರೆದೆ.

ತಪ್ಪು ಮಾಡಿದವರನ್ನು ಎಲ್ಲರ ಎದುರು ಬೈಯುತ್ತೀರಾ?

“ಐದು.”

ಪ್ರಾಮಾಣಿಕ ಮನುಷ್ಯ ಎಂದುಕೊಂಡು ಐದು ಎಂದು ಬರೆದೆ. ಮೂರನೇ ಪ್ರಶ್ನೆ ದೊಡ್ಡದು. ಹತ್ತು ವರ್ಷಗಳ ನಂತರ ನಿಮ್ಮ ತಂಡವನ್ನು ಎಲ್ಲಿ ಕಾಣಲು ಬಯಸುತ್ತೀರಿ ಎಂಬುದು. ಭಟ್ಟರು ಗೆರಟೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಮೇಲಿನ ಕಿಟಕಿಯನ್ನು ನೋಡಿದರು. ಅವರ ಹತ್ತಿರ ಆವರೆಗೆ ಯಾರೂ ಅದನ್ನು ಕೇಳಿರಲಿಲ್ಲ ಎಂದು ಕಾಣುತ್ತದೆ. ಬಹಳ ಹೊತ್ತಾದ ಮೇಲೆ, ಹತ್ತು ವರ್ಷ ಕಳೆದರೆ ನನಗೆ ಅರುವತ್ತೆಂಟು ಅಲ್ವಾ ಎಂದರು. ಆಮೇಲೆ ಮತ್ತೆ ಕೊಪ್ಪರಿಗೆಗೆ ಬಗ್ಗಿದರು.

“ಒಂದು,” ಎಂದರು. “ಎರಡು. ಮೂರು.”

ಅವರು ನನಗೆ ಉತ್ತರ ಕೊಡುತ್ತಿರಲಿಲ್ಲ, ಉಪ್ಪು ಎಣಿಸುತ್ತಿದ್ದರು ಎಂದು ನನಗೆ ಹೊಳೆದದ್ದು ಆಗ. ನಾನು ಭಟ್ರೇ ಎಂದು ಅವರ ಕೈ ಹಿಡಿಯುವಷ್ಟರಲ್ಲಿ ಐದು ಗೆರಟೆ ಬೀಳಬೇಕಾದ ಸಾಂಬಾರಿಗೆ ಎಂಟು ಬಿದ್ದಿತ್ತು.

ಭಟ್ಟರು ಸೌಟಿನಲ್ಲಿ ತೆಗೆದು, ಅಂಗೈಗೆ ಹಾಕಿ, ನೆಕ್ಕಿ ನೋಡಿದರು. ನಾನು ಅಳುವ ಹಂತಕ್ಕೆ ಬಂದಿದ್ದೆ. ಅವರು ಬೈಯಲಿಲ್ಲ. ಸ್ಟೂಲಿನಿಂದ ಇಳಿದು, ಇನ್ನೊಂದು ಕೊಪ್ಪರಿಗೆ ಇಡಿ, ಬೇಳೆ ಬೇಯಿಸಿ, ಇದ್ದ ಸೌತೆಕಾಯಿ ಎಲ್ಲ ಹೆಚ್ಚಿ, ಇನ್ನು ಮೂವತ್ತು ಕಾಯಿ ತುರಿಯಿರಿ, ಉಪ್ಪು ಹಾಕದೆ ಇದರ ಜೊತೆ ಬೆರೆಸುವ ಎಂದರು. ಅಷ್ಟು ಹೇಳಿದ್ದೇ ತಡ, ಎಲ್ಲರಿಗೂ ನಾವು ಮರೆತೇಹೋದೆವು. ಲುಂಗಿ ಮೇಲೆ ಹೋದವು. ಅಣ್ಣ ತಮ್ಮಂದಿರು ತುಳುವಿನಲ್ಲಿ ಜಗಳಕ್ಕಿಳಿದರು. ಸೌತೆಕಾಯಿಯ ಮನುಷ್ಯ ಹತ್ತು ನಿಮಿಷದಲ್ಲಿ ಬುಟ್ಟಿ ಖಾಲಿ ಮಾಡಿದ. ಒಂದು ಹೋಳಿಗೂ ಇನ್ನೊಂದು ಹೋಳಿಗೂ ಸಂಬಂಧ ಇರಲಿಲ್ಲ. ನಾನು ಮತ್ತು ಹುಡುಗಿ ನೆಲದಲ್ಲಿ ಕೂತು ಕಾಯಿ ತುರಿದೆವು.

ಹನ್ನೆರಡೂವರೆಗೆ ಎಲೆ ಹಾಕಿದರು. ಆರುನೂರು ಜನರಿಗೆ ಸಾವಿರ ಜನರ ಸಾಂಬಾರು ತಯಾರಾಗಿತ್ತು. ರುಚಿ ಚೆನ್ನಾಗಿಯೇ ಇತ್ತು, ಆದರೆ ಅದು ಮುಗಿಯಬೇಕಲ್ಲ. ಭಟ್ಟರು ನನ್ನ ಕೈಗೆ ಒಂದು ಬಾಲ್ದಿ, ಸೌಟು ಕೊಟ್ಟರು.

“ಅಕ್ಕ, ಬರೆದದ್ದು ಸಾಕು. ಇದನ್ನು ಖಾಲಿ ಮಾಡದೆ ಈಚೆ ಬರ್ಬೇಡಿ.”

ನಾನು ಸೆರಗು ಸಿಕ್ಕಿಸಿ ಹೊರಟೆ. ಹುಡುಗಿಗೆ ಹಪ್ಪಳದ ಬುಟ್ಟಿ ಸಿಕ್ಕಿತು. ಆಹಾರ ಇಲಾಖೆಯವರೇ ಸಾಂಬಾರು ಬಡಿಸುತ್ತಿದ್ದಾರೆ ಎಂಬ ಸುದ್ದಿ ಪಂಕ್ತಿಯಲ್ಲಿ ನನಗಿಂತ ಮುಂದೆ ಹೋಗುತ್ತಿತ್ತು. ಹಾಗಾಗಿ ಯಾರೂ ಬೇಡ ಎನ್ನಲಿಲ್ಲ. ಒಬ್ಬ ಅಜ್ಜ ನನ್ನನ್ನು ಕಂಡು ಎಲೆಯ ಮುಂದೆಯೇ ಕೈ ಮುಗಿದರು. ಮೂರನೇ ಸಾಲಿನ ನಡುವೆ, ತಲೆ ಬಗ್ಗಿಸಿ ಶಿಸ್ತಿನಿಂದ ಅನ್ನ ಕಲಸುತ್ತಿದ್ದ ಒಬ್ಬರ ಎಲೆಗೆ ಎರಡು ಸೌಟು ಸುರಿದು ಮುಂದೆ ಹೋದೆ. ಎರಡನೇ ಸಲ ಬಂದಾಗಲೂ ಸುರಿದೆ. ಮೂರನೇ ಸಲ ಅವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ತಲೆ ಎತ್ತಿದರು. ನಮ್ಮ ಸರ್.

ಅವರು ನನ್ನನ್ನು ನೋಡಿದರು, ಬಾಲ್ದಿಯನ್ನು ನೋಡಿದರು, ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಕಾಲೇಜಿನ ಗುರುತಿನ ಚೀಟಿಯನ್ನು ನೋಡಿದರು. ಅದರ ತುದಿ ಸಾಂಬಾರಿನಲ್ಲಿ ಅದ್ದಿಹೋಗಿತ್ತು. ಮದುಮಗನ ಕಡೆಯ ಸಂಬಂಧವಂತೆ ಅವರು. ಸ್ವಲ್ಪ ಹಾಕ್ತೇನೆ ಸರ್ ಎಂದು ಬೆರಳ ಸಂದಿಯಲ್ಲಿ ಹಾಕಿಬಿಟ್ಟೆ.

ಮರುವಾರ ಕಾಲೇಜಿನಲ್ಲಿ ಮೌಖಿಕ ಪರೀಕ್ಷೆ. ನಾವಿಬ್ಬರೂ ಅವರ ಎದುರು ಕೂತೆವು. ಅವರು ನಮ್ಮ ವರದಿಯನ್ನು ತಿರುವಿ ಹಾಕಿ, ಸಂಸ್ಥೆಯ ಕೆಲಸದ ಮೇಲೆ ನಿಮ್ಮ ಪ್ರಭಾವ ಬಿದ್ದಿದೆಯೇ ಎಂದು ಕೇಳಿದರು. ನಾನು ಉಪ್ಪಿನಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡೆ. ಹುಡುಗಿ ಮಾತ್ರ ಸೋಲಲು ತಯಾರಿರಲಿಲ್ಲ. ಬಡಿಸುವಾಗ ನಾವು ಪೂರ್ತಿ ಮರೆಯಲ್ಲೇ ಇದ್ದೆವು, ಸಾಂಬಾರು ಹಾಕುವವರ ಮುಖವನ್ನು ಯಾರೂ ನೋಡುವುದಿಲ್ಲ ಎಂದು ವಾದಿಸಿದಳು.

“ನಾನು ನೋಡಿದೆ,” ಎಂದರು ಸರ್.

ಆಮೇಲೆ ಅವರು ಕಿಟಕಿಯ ಕಡೆ ತಿರುಗಿದರು. ಹೆಗಲು ಕುಲುಕುತ್ತಿತ್ತು. ಮೊದಲು ಸಿಟ್ಟು ಎಂದುಕೊಂಡೆ, ಅವರು ನಗುತ್ತಿದ್ದರು. ಇಪ್ಪತ್ತಕ್ಕೆ ಹದಿನಾಲ್ಕು ಕೊಟ್ಟರು. ಆರು ಅಂಕ ಹೋದದ್ದು ಆ ಮೂರನೇ ಸಲಕ್ಕೆ ಎಂದು ಹುಡುಗಿ ಇವತ್ತಿಗೂ ನನ್ನನ್ನು ದೂರುತ್ತಾಳೆ.

ವರದಿಯ ಒಂದು ಪ್ರತಿಯನ್ನು ಭಟ್ಟರಿಗೆ ಕೊಡಲು ಹೋದೆ. ಅವರು ಕನ್ನಡಕ ಹಾಕಿ ಪುಟ ತಿರುಗಿಸುತ್ತಾ, ಸಂಸ್ಥೆಯ ರಚನೆಯ ಚಿತ್ರದ ಹತ್ತಿರ ನಿಂತರು. ಮೇಲೆ ಅವರ ಚೌಕ, ಅಲ್ಲಿಂದ ಗೆರೆ ಎಳೆದು ಕೆಳಗೆ ಏಳು ಚೌಕ. ಇವರೆಲ್ಲ ನನ್ನಿಂದ ಎಂತಕ್ಕೆ ನೇತಾಡುದು ಎಂದು ಕೇಳಿದರು. ನಾನು ವಿವರಿಸಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಮತ್ತೆ ಮುಂದೆ ಹೋಗಿ, ಉಪ್ಪಿನ ಪುಟ ಸಿಕ್ಕಿದಾಗ ಮುಖ ಸಣ್ಣದಾಯಿತು.

“ಇದನ್ನು ಯಾರೆಲ್ಲ ಓದ್ತಾರೆ ಮಾರಾಯ್ರೆ?”

ಕಾಲೇಜಿನ ಕಪಾಟಿನಲ್ಲಿ ಇಡುತ್ತಾರೆ, ಯಾರೂ ಓದುವುದಿಲ್ಲ ಎಂದು ನಿಜವನ್ನೇ ಹೇಳಿದೆ. ಅವರಿಗೆ ಜೀವ ಬಂದ ಹಾಗಾಯಿತು. ಹಾಗಾದರೆ ಇರಲಿ ಎಂದು ಪುಸ್ತಕವನ್ನು ಮುಚ್ಚಿ, ಒಳಗೆ ಹೋಗಿ ನನಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು.